ಪೆಟ್ರೋಲಿಗೆ ಏಕೆ ಅಂಕ?

ಬೇಲೂರು, ಹಳೇಬೀಡು ನೋಡಲು ಹೊರಟ ಕಾರು ಅರಸೀಕೆರೆಯಲ್ಲೋ ಹಾಸನದಲ್ಲೋ ಬಂಕಿಗೆ ತಿರುಗಿತೆಂದರೆ ಕಿಟಕಿಯ ಬಳಿ ಕೇಳಿಬರುವ ಮೊದಲ ಪ್ರಶ್ನೆ: ‘ನಾರ್ಮಲ್ಲಾ ಸಾರ್, ಪವರ್ರಾ?’ ಕಂಪನಿಗೊಂದು ಹೆಸರು. ಹಿಂದೂಸ್ತಾನ್ ಪೆಟ್ರೋಲಿಯಂನವರದು ‘ಪವರ್’, ಭಾರತ್ ಪೆಟ್ರೋಲಿಯಂನವರದು ‘ಸ್ಪೀಡ್’, ಇಂಡಿಯನ್ ಆಯಿಲ್‌ನವರದು ‘ಎಕ್ಸ್‌ಪಿ 95’. ಹೆಸರು ಯಾವುದಾದರೂ ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು. ಉತ್ತರ ಕೊಡಲು ಸಿಗುವುದು ಎರಡು ಕ್ಷಣ. ಹೊಸ ಕಾರಿನವರು ‘ಒಳ್ಳೇದನ್ನೇ ಹಾಕಿ’ ಎನ್ನುತ್ತಾರೆ, ಹಳೆಯ ಕಾರಿನವರು ‘ದುಡ್ಡು ದಂಡ’ ಎಂದು ನಾರ್ಮಲ್ ಕಡೆಗೆ ಕೈ ತೋರುತ್ತಾರೆ. ಇಬ್ಬರ ಮನಸ್ಸಿನಲ್ಲೂ ಇರುವ ಲೆಕ್ಕ ಒಂದೇ: 95 ಎಂದರೆ ನಾರ್ಮಲ್ಲಿನ 91ಕ್ಕಿಂತ ಬಲವಾದದ್ದು, 100 ಎಂದರೆ ಅದಕ್ಕೂ ಬಲವಾದದ್ದು. ಒಬ್ಬರಿಗೆ ಆ ಬಲಕ್ಕೆ ದುಡ್ಡು ಕೊಡುವ ಮನಸ್ಸಿದೆ, ಇನ್ನೊಬ್ಬರಿಗಿಲ್ಲ, ಅಷ್ಟೇ.

ಈ ಲೆಕ್ಕವೇ ತಪ್ಪು. ಪೆಟ್ರೋಲಿನ ಮೇಲಿರುವ ಅಂಕ ಅದರ ಬಲವನ್ನು ಅಳೆಯುವುದಿಲ್ಲ. ಎಷ್ಟು ಹಿಂಡಿದರೂ, ಎಷ್ಟು ಕಾಯಿಸಿದರೂ ಕಿಡಿ ಬೀಳುವ ತನಕ ತಾನಾಗಿ ಹೊತ್ತಿಕೊಳ್ಳದೆ ಎಷ್ಟರ ಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದನ್ನು ಅದು ಹೇಳುತ್ತದೆ. ಅಷ್ಟು ತಡೆಯುವ ಗುಣ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಪೆಟ್ರೋಲಲ್ಲ, ಇಂಜಿನ್. ಈ ಒಂದು ಸಂಗತಿ ತಿಳಿದರೆ ಯಾವ ಕಾರಿಗೆ ಯಾವ ಪೆಟ್ರೋಲ್ ಎಂಬ ಪ್ರಶ್ನೆ ಬಹುಮಟ್ಟಿಗೆ ತಾನೇ ಬಗೆಹರಿಯುತ್ತದೆ. ಅರಸೀಕೆರೆ, ಹಳೇಬೀಡು, ಬೇಲೂರಿನ ಎತ್ತರದ ನೆಲದಲ್ಲಿ ಅದು ಇನ್ನೂ ಸುಲಭವಾಗಿ ಬಗೆಹರಿಯುತ್ತದೆ. ಹೇಗೆಂದು ಒಂದೊಂದಾಗಿ ನೋಡೋಣ.

ಹಿಂಡಿದಷ್ಟೂ ಲಾಭ, ಒಂದು ಹಂತದವರೆಗೆ

ಪೆಟ್ರೋಲ್ ಇಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಕೆಳಗಿಳಿಯುವಾಗ ಗಾಳಿ ಮತ್ತು ಪೆಟ್ರೋಲಿನ ಹಬೆ ಒಳಗೆ ಬರುತ್ತವೆ. ಪಿಸ್ಟನ್ ಮೇಲೇರುವಾಗ ಆ ಮಿಶ್ರಣವನ್ನು ಸಣ್ಣ ಜಾಗದೊಳಗೆ ಹಿಂಡುತ್ತದೆ. ಆಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ, ಮಿಶ್ರಣ ಉರಿಯುತ್ತದೆ, ಉಬ್ಬಿದ ಬಿಸಿ ಅನಿಲ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಚಕ್ರ ಉರುಳುವುದು ಈ ತಳ್ಳುವಿಕೆಯಿಂದಲೇ. ಉರಿಯುವ ಮುನ್ನ ಮಿಶ್ರಣ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದನ್ನು ಇಲ್ಲಿ ‘ಹಿಂಡುಮಟ್ಟ’ ಎಂದು ಕರೆಯೋಣ. ಕಾರಿನ ಕೈಪಿಡಿಯಲ್ಲಿ ಇದೇ ‘ಕಂಪ್ರೆಷನ್ ರೇಶಿಯೋ’ ಎಂಬ ಹೆಸರಿನಲ್ಲಿರುತ್ತದೆ. ಹಿಂಡುಮಟ್ಟ ಹೆಚ್ಚಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ, ಕಡಿಮೆ ಶಾಖ ಹೊಗೆಕೊಳವೆಯಲ್ಲಿ ವ್ಯರ್ಥವಾಗುತ್ತದೆ. ಹಳೆಯ ಅಂಬಾಸಡರ್ ಪೆಟ್ರೋಲ್ ಕಾರಿನ ಹಿಂಡುಮಟ್ಟ ಏಳರ ಆಸುಪಾಸಿನಲ್ಲಿತ್ತು. ಇಂದಿನ ಸಾಮಾನ್ಯ ಕಾರುಗಳಲ್ಲಿ ಅದು ಹತ್ತರಿಂದ ಹನ್ನೆರಡು, ಕೆಲವು ಹೈಬ್ರಿಡ್ ಕಾರುಗಳಲ್ಲಿ ಹದಿಮೂರು. ಇಂದಿನ ಕಾರುಗಳು ಹೆಚ್ಚು ಮೈಲೇಜ್ ಕೊಡುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಹಾಗಿದ್ದರೆ ಇಪ್ಪತ್ತು ಪಟ್ಟು ಹಿಂಡಬಹುದಲ್ಲ? ಹಿಂಡಿದ ಗಾಳಿ ಕಾಯುತ್ತದೆ, ತೊಡಕಿರುವುದು ಅಲ್ಲೇ. ಹತ್ತು ಪಟ್ಟು ಹಿಂಡಿದ ಗಾಳಿಯ ಬಿಸಿ ಸುಮಾರು 400 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಇದಕ್ಕೆ ಸಾಕ್ಷಿ ಪ್ರತಿ ಹಳ್ಳಿಯಲ್ಲೂ ಇದೆ: ಹೊಲ ಉಳುವ ಟ್ರ್ಯಾಕ್ಟರಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಡೀಸೆಲ್ ಇಂಜಿನ್ನು ಬರೀ ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಹಿಂಡುತ್ತದೆ. ಆ ಕಾದ ಗಾಳಿಗೆ ಡೀಸೆಲ್ ಚಿಮ್ಮಿದ ಕೂಡಲೇ ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ. ಡೀಸೆಲ್ಲಿಗೆ ಬೇಕಾದ ಗುಣವೇ ಇದು, ಬೇಗ ತಾನಾಗಿ ಹೊತ್ತಿಕೊಳ್ಳುವುದು. ಪೆಟ್ರೋಲಿನಿಂದ ಬಯಸುವುದು ಇದಕ್ಕೆ ನೇರ ವಿರುದ್ಧ. ಕಿಡಿ ಬೀಳುವ ಮುನ್ನ ಅದು ಹೊತ್ತಬಾರದು, ಕಿಡಿ ಬಿದ್ದ ಮೇಲೂ ಸರದಿ ತಪ್ಪಿಸಿ ಹೊತ್ತಬಾರದು.

ಸರ ಪಟಾಕಿಯ ಕೊನೆಯ ತುಂಡು

ಸಿಲಿಂಡರಿನಲ್ಲಿ ಪೆಟ್ರೋಲ್ ಒಮ್ಮೆಲೇ ಸಿಡಿಯುತ್ತದೆ ಎಂದು ಹಲವರು ಭಾವಿಸಿದ್ದಾರೆ. ಹಾಗಾಗುವುದಿಲ್ಲ. ದೀಪಾವಳಿಯ ಸರ ಪಟಾಕಿಯನ್ನು ನೆನೆಸಿಕೊಳ್ಳಿ. ಒಂದು ತುದಿಗೆ ಬೆಂಕಿ ಇಟ್ಟರೆ ಕಿಡಿ ಒಂದರಿಂದ ಇನ್ನೊಂದಕ್ಕೆ ಸಾಗುತ್ತ ಕೊನೆ ಮುಟ್ಟುತ್ತದೆ. ಸಿಲಿಂಡರಿನಲ್ಲೂ ಜ್ವಾಲೆ ಪ್ಲಗ್ಗಿನ ಬಳಿ ಹುಟ್ಟಿ ಆಚೆ ಗೋಡೆಯ ಕಡೆಗೆ ಸರಿಯುತ್ತದೆ. ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಈ ಪಯಣಕ್ಕೆ ಸೆಕೆಂಡಿನ ಸಾವಿರದ ಎರಡು ಮೂರು ಭಾಗದಷ್ಟು ಹೊತ್ತು ಸಾಕು. ನಮಗದು ಕ್ಷಣವೂ ಅಲ್ಲ, ಇಂಜಿನ್ನಿಗೆ ಮಾತ್ರ ಬೇಕಾದಷ್ಟು ಹೊತ್ತು. ಈ ಹೊತ್ತಿನಲ್ಲಿ ಒತ್ತಡ ಹಂತಹಂತವಾಗಿ ಏರಿ ಪಿಸ್ಟನ್ನನ್ನು ನಯವಾಗಿ ಕೆಳಕ್ಕೆ ನೂಕುತ್ತದೆ. ಈಗ ಸರದ ಅರ್ಧ ಸಿಡಿದ ಹೊತ್ತಿಗೆ ಉಳಿದರ್ಧ ಬಿಸಿ ತಾಳಲಾರದೆ ತನ್ನಷ್ಟಕ್ಕೇ ಒಟ್ಟಿಗೆ ಸಿಡಿಯಿತೆನ್ನಿ. ಆಗ ಕೇಳುವುದು ಪಟಪಟ ಸದ್ದಲ್ಲ, ಒಂದೇ ಏಟಿನ ಢಮಾರ್.

ಸಿಲಿಂಡರಿನಲ್ಲಿ ಆಗುವ ಅವಘಡವೂ ಇದೇ. ಜ್ವಾಲೆ ಮುಂದೆ ಸರಿದಂತೆ ಉರಿದ ಅನಿಲ ಉಬ್ಬಿ, ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದ ಮಿಶ್ರಣವನ್ನು ಮತ್ತಷ್ಟು ಹಿಂಡುತ್ತದೆ. ಆ ಮಿಶ್ರಣ ಎರಡೆರಡು ಬಾರಿ ಹಿಂಡಿಸಿಕೊಂಡು ಕಾಯುತ್ತದೆ. ಜ್ವಾಲೆ ತಲುಪುವವರೆಗೆ ಅದು ತಡೆದುಕೊಂಡರೆ ಎಲ್ಲ ಸರಿ. ತಡೆಯದಿದ್ದರೆ ಆ ಮೂಲೆಯ ಮಿಶ್ರಣವೆಲ್ಲ ಒಟ್ಟಿಗೆ ಹೊತ್ತಿ, ಒತ್ತಡದ ಅಲೆ ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ಸೆಕೆಂಡಿಗೆ ಆರೇಳು ಸಾವಿರ ಬಾರಿ ಕಂಪಿಸುವ ಈ ಅಲೆಯೇ ನಮಗೆ ಲೋಹದ ಮೇಲೆ ಸಣ್ಣ ಸುತ್ತಿಗೆಯಿಂದ ಕುಟ್ಟಿದಂಥ ‘ಟಣಟಣ’ ಸದ್ದಾಗಿ ಕೇಳಿಸುತ್ತದೆ. ಮೆಕ್ಯಾನಿಕ್ಕುಗಳು ‘ನಾಕಿಂಗ್ ಬರ್ತಿದೆ’ ಎನ್ನುವುದು ಇದನ್ನೇ. ನಾವಿಲ್ಲಿ ಬಡಿತ ಎನ್ನೋಣ. ಲೋಹದ ಮೇಲ್ಮೈಗೆ ಅಂಟಿಕೊಂಡು ಅದನ್ನು ಉರಿಯಿಂದ ಕಾಪಾಡುವ ತೆಳುವಾದ ಅನಿಲದ ಪದರವನ್ನು ಬಡಿತದ ಅಲೆ ಕಿತ್ತೊಗೆಯುತ್ತದೆ. ಬಡಿತ ಜೋರಾಗಿ ಮುಂದುವರಿದರೆ ಪಿಸ್ಟನ್ನಿನ ಅಂಚು ಕಾದು, ಸವೆದು, ಕೊನೆಗೆ ತೂತೂ ಬೀಳಬಹುದು. ಎರಡು ದರ್ಜೆಯ ಪೆಟ್ರೋಲ್ ಮಾರಾಟಕ್ಕೆ ಬಂದಿರುವುದು ಈ ಒಂದು ತೊಂದರೆಗೆ ಮದ್ದಾಗಿ.

ನೂರೆಂದರೆ ಏನು, ಸೊನ್ನೆಯೆಂದರೆ ಏನು

ಬಡಿತವನ್ನು ತಡೆಯುವ ಗುಣವನ್ನು ಅಳೆಯಲು ಅಳತೆಗೋಲು ಬೇಕಾಯಿತು. 1926ರಲ್ಲಿ ಅಮೆರಿಕದ ಎಥಿಲ್ ಕಾರ್ಪೊರೇಷನ್ನಿನ ರಸಾಯನ ವಿಜ್ಞಾನಿ ಗ್ರಹಾಂ ಎಡ್ಗರ್ ಎರಡು ಶುದ್ಧ ದ್ರವಗಳನ್ನು ಆರಿಸಿಕೊಂಡರು. ಒಂದು ಹೆಪ್ಟೇನ್. ಕ್ಯಾಲಿಫೋರ್ನಿಯಾದ ಒಂದು ಬಗೆಯ ಪೈನ್ ಮರದ ಅಂಟಿನಿಂದ ಸಿಗುತ್ತಿದ್ದ ಇದು ಸ್ವಲ್ಪ ಹಿಂಡಿದರೆ ಸಾಕು, ಬಡಿತ ಎಬ್ಬಿಸುತ್ತಿತ್ತು. ಅದಕ್ಕೆ ಸೊನ್ನೆ. ಇನ್ನೊಂದು ಐಸೋ-ಆಕ್ಟೇನ್, ಬಡಿತಕ್ಕೆ ಸುಲಭವಾಗಿ ಬಗ್ಗದ್ದು. ಅದಕ್ಕೆ ನೂರು. ಯಾವುದೋ ಪೆಟ್ರೋಲಿನ ಅಂಕ 91 ಎಂದರೆ, 91 ಪಾಲು ಐಸೋ-ಆಕ್ಟೇನ್ ಮತ್ತು 9 ಪಾಲು ಹೆಪ್ಟೇನ್ ಬೆರೆಸಿದ ದ್ರವ ಪರೀಕ್ಷೆಯ ಇಂಜಿನ್ನಿನಲ್ಲಿ ಬಡಿತಕ್ಕೆ ಎಷ್ಟು ಎದುರು ನಿಲ್ಲುತ್ತದೋ ಈ ಪೆಟ್ರೋಲೂ ಅಷ್ಟೇ ನಿಲ್ಲುತ್ತದೆ ಎಂದರ್ಥ. ಅದರಲ್ಲಿ ನೂರಕ್ಕೆ 91 ಪಾಲು ಐಸೋ-ಆಕ್ಟೇನ್ ಇದೆ ಎಂದಲ್ಲ. ಪರೀಕ್ಷೆಗೆಂದೇ ಹಿಂಡುಮಟ್ಟವನ್ನು ಬೇಕಾದಂತೆ ಏರಿಸಿ ಇಳಿಸಬಹುದಾದ ಒಂಟಿ ಸಿಲಿಂಡರಿನ ಇಂಜಿನ್ನನ್ನು 1920ರ ದಶಕದ ಕೊನೆಗೆ ರೂಪಿಸಲಾಯಿತು. ಇಂದಿಗೂ ಪೆಟ್ರೋಲಿನ ಅಂಕ ನಿಗದಿಯಾಗುವುದು ಅಂಥ ಇಂಜಿನ್ನಿನ ಮೇಲೆಯೇ.

ಎರಡಕ್ಕೂ ಇಷ್ಟು ವ್ಯತ್ಯಾಸ ಏಕೆ? ಹೆಪ್ಟೇನಿನ ಅಣುವಿನಲ್ಲಿ ಇಂಗಾಲದ ಪರಮಾಣುಗಳು ಒಂದೇ ಸಾಲಿನಲ್ಲಿ ಉದ್ದಕ್ಕೆ ಇರುತ್ತವೆ. ಬಿಸಿಯಲ್ಲಿ ಆಮ್ಲಜನಕ ಈ ಸಾಲಿನ ಮಧ್ಯಕ್ಕೆ ಸುಲಭವಾಗಿ ಕೈಹಾಕುತ್ತದೆ, ಅಣು ಮುರಿಯುತ್ತದೆ, ಮುರಿದ ತುಣುಕುಗಳು ಇನ್ನಷ್ಟು ಅಣುಗಳನ್ನು ಮುರಿಯುತ್ತವೆ. ಐಸೋ-ಆಕ್ಟೇನಿನ ಅಣು ಕವಲೊಡೆದು ಗಿಡ್ಡವಾಗಿದೆ. ಅದರೊಳಗೆ ಆಮ್ಲಜನಕ ಕೈಹಾಕುವುದು ಕಷ್ಟ, ಸರಪಳಿ ಶುರುವಾಗುವುದು ತಡ. ಹಾಗೆಂದು ಎರಡನ್ನೂ ಪೂರ್ತಿ ಸುಟ್ಟರೆ ಹೊರಬರುವ ಶಾಖದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಹೊತ್ತುವುದಕ್ಕೆ ತಡಮಾಡುವುದು ಒಂದು ಗುಣ, ಹೊತ್ತಿದಾಗ ಕೊಡುವ ಶಾಖ ಇನ್ನೊಂದು ಗುಣ. ಅಂಕ ಹೇಳುವುದು ಮೊದಲನೆಯದನ್ನು ಮಾತ್ರ.

ಅಂಕದ ಬಗ್ಗೆ ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬಹುದು. ಅಮೆರಿಕದಲ್ಲಿರುವ ಮಗನೋ ಮಗಳೋ ‘ನಾವು ಹಾಕಿಸೋದು 87, ಅದೇ ಸಾಕು’ ಎಂದಾಗ ಹಾಸನದಲ್ಲಿರುವ ಅಪ್ಪನಿಗೆ ಅಮೆರಿಕದ ಪೆಟ್ರೋಲ್ ನಮ್ಮದಕ್ಕಿಂತ ಕಳಪೆ ಅನ್ನಿಸಬಹುದು. ಬಡಿತದ ಪರೀಕ್ಷೆಯನ್ನು ಎರಡು ಬಗೆಯಲ್ಲಿ ಮಾಡುತ್ತಾರೆ: ಒಂದು ನಿಧಾನವಾಗಿ ತಿರುಗುವ, ಅಷ್ಟಾಗಿ ಕಾಯದ ಇಂಜಿನ್ನಿನಲ್ಲಿ, ಇನ್ನೊಂದು ಹೆಚ್ಚು ವೇಗದಲ್ಲಿ, ಹೆಚ್ಚು ಬಿಸಿಯಲ್ಲಿ. ನಮ್ಮ ಬಂಕುಗಳ 91, 95 ಮೊದಲನೆಯ ಪರೀಕ್ಷೆಯ ಅಂಕ. ಅಮೆರಿಕದವರು ಎರಡರ ಸರಾಸರಿಯನ್ನು ಬರೆಯುತ್ತಾರೆ. ಅವರ 87 ಹೆಚ್ಚುಕಡಿಮೆ ನಮ್ಮ 91ಕ್ಕೇ ಸಮ.

ಸೀಸ ಸುರಿದು ಗಳಿಸಿದ ಅಂಕ

ಕಚ್ಚಾತೈಲದಿಂದ ಸುಮ್ಮನೆ ಬಟ್ಟಿ ಇಳಿಸಿದ ಪೆಟ್ರೋಲಿನಲ್ಲಿ ನೆಟ್ಟಗಿನ ಅಣುಗಳೇ ಹೆಚ್ಚಾಗಿ ಇರುವುದರಿಂದ ಅದರ ಅಂಕ ಕಡಿಮೆ. ಅದನ್ನು ಮೇಲೇರಿಸುವ ಅಗ್ಗದ ದಾರಿಯೊಂದನ್ನು 1921ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಕಂಡುಹಿಡಿದರು. ಸೀಸದ ಒಂದು ಸಂಯುಕ್ತವನ್ನು ಚೂರೇ ಚೂರು ಬೆರೆಸಿದರೆ ಬಡಿತ ಅಡಗುತ್ತಿತ್ತು. ಇಂಜಿನ್ನಿಗೆ ಅನುಕೂಲವಾಯಿತು, ಮನುಷ್ಯನಿಗೆ ವಿಷವಾಯಿತು. ಹೊಗೆಯೊಂದಿಗೆ ಹೊರಬಿದ್ದ ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕುತ್ತು ತಂದಿತು, ಹೊಗೆಯನ್ನು ಶುದ್ಧ ಮಾಡುವ ಉಪಕರಣಗಳನ್ನೂ ಕೆಡಿಸಿತು. ಭಾರತ 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲನ್ನು ಕಡ್ಡಾಯ ಮಾಡಿತು. ಕಾರುಗಳ ಸೀಸದ ಪೆಟ್ರೋಲ್ ಜಗತ್ತಿನಿಂದಲೇ ಮರೆಯಾದದ್ದು 2021ರಲ್ಲಿ, ಅಲ್ಜೀರಿಯ ಅದನ್ನು ಕೈಬಿಟ್ಟಾಗ. ಈಗ ಅಂಕ ಏರಿಸುವುದು ಸಂಸ್ಕರಣಾಗಾರದ ಕೆಲಸ. ನೆಟ್ಟಗಿನ ಅಣುಗಳನ್ನು ಬಿಸಿಯಲ್ಲಿ, ವೇಗವರ್ಧಕಗಳ ನೆರವಿನಿಂದ, ಕವಲಿನ ಮತ್ತು ಉಂಗುರದ ಆಕಾರಕ್ಕೆ ತಿರುಗಿಸುತ್ತಾರೆ. ಹೆಚ್ಚು ಅಂಕದ ಪೆಟ್ರೋಲಿಗೆ ನಾವು ತೆರುವ ಬೆಲೆಯಲ್ಲಿ ಈ ಹೆಚ್ಚುವರಿ ಕೆಲಸದ ಖರ್ಚೂ ಸೇರಿದೆ. ಖರ್ಚು ನಿಜವಾದದ್ದೇ. ಅದರ ಫಲ ನಮ್ಮ ಕಾರಿಗೆ ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಹಾಸನಕ್ಕೆ ಬರುವ ಕೊಳವೆ

ಮಂಗಳೂರಿನ ಸಂಸ್ಕರಣಾಗಾರದಿಂದ ಹಾಸನದ ಮೂಲಕ ಬೆಂಗಳೂರಿನ ಹೊರವಲಯದ ದೇವನಗೊಂದಿಗೆ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆಮಾರ್ಗವೊಂದು ಪಶ್ಚಿಮಘಟ್ಟ ಹತ್ತಿ ಬರುತ್ತದೆ. 2003ರಿಂದ ಈ ಭಾಗದ ಇಂಧನ ಪೂರೈಕೆಗೆ ಇದೇ ಬೆನ್ನೆಲುಬು. ಒಂದೇ ಕೊಳವೆಯಲ್ಲಿ ಪೆಟ್ರೋಲ್, ಡೀಸೆಲ್ ಒಂದರ ಹಿಂದೆ ಒಂದರಂತೆ ಹರಿದುಬರುತ್ತವೆ. ಬೇರೆ ಬೇರೆ ಕಂಪನಿಗಳ ಬೋರ್ಡು ಹೊತ್ತ ಬಂಕುಗಳ ಮೂಲ ಸರಕು ಒಂದೇ ಸಂಸ್ಕರಣಾಗಾರದ್ದಾಗಿರುವುದು ನಮ್ಮಲ್ಲಿ ಸಾಮಾನ್ಯ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದಂತೆ ಸಾದಾ ಪೆಟ್ರೋಲಿನ ಅಂಕ 91ಕ್ಕೆ ಕಡಿಮೆ ಇರುವಂತಿಲ್ಲ, ಪ್ರೀಮಿಯಂ ಎನ್ನುವುದರದು 95ಕ್ಕೆ ಕಡಿಮೆ ಇರುವಂತಿಲ್ಲ. ಗಂಧಕದ ಪ್ರಮಾಣ ಎರಡರಲ್ಲೂ ಹತ್ತು ಲಕ್ಷಕ್ಕೆ ಹತ್ತು ಪಾಲನ್ನು ಮೀರುವಂತಿಲ್ಲ. ಆದ್ದರಿಂದ ಸಾದಾ ಪೆಟ್ರೋಲನ್ನು ಕೊಳೆಯಾದದ್ದು, ಕಲಬೆರಕೆಯದು ಎಂದು ಕಾಣುವ ಕಾರಣವಿಲ್ಲ. ಕಲಬೆರಕೆ ನಡೆದರೆ ಅದು ಅಪರಾಧ. ಅದಕ್ಕೆ ಪರಿಹಾರ ದೂರು ಕೊಡುವುದೇ ಹೊರತು ದುಬಾರಿ ನಳಿಕೆಯತ್ತ ತಿರುಗುವುದಲ್ಲ.

ಎತ್ತರದ ಊರಿಗೆ ಸಿಗುವ ರಿಯಾಯಿತಿ

ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಜಾವಗಲ್ ದಾಟಿ ಹಳೇಬೀಡಿಗೆ, ಮುಂದೆ ಬೇಲೂರಿಗೆ ಹೋಗುವ ದಾರಿ ಮೆಲ್ಲಗೆ ಏರುತ್ತದೆ. ಬೇಲೂರು 950 ಮೀಟರಿನ ಆಸುಪಾಸಿನಲ್ಲಿದೆ. ಈ ಎತ್ತರದಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇಕಡಾ ಹತ್ತರಷ್ಟು ಕಡಿಮೆ. ಟರ್ಬೋ ಇಲ್ಲದ ಸಾಧಾರಣ ಇಂಜಿನ್ ಸುತ್ತಲಿನ ಗಾಳಿಯನ್ನು ಇದ್ದಂತೆ ಎಳೆದುಕೊಳ್ಳುತ್ತದೆ. ತೆಳುವಾದ ಗಾಳಿ ಒಳಗೆ ಬಂದರೆ ಹಿಂಡಿದ ಮೇಲಿನ ಒತ್ತಡವೂ ಅಷ್ಟೇ ಕಡಿಮೆ, ಮೂಲೆಯ ಮಿಶ್ರಣಕ್ಕೆ ಬೀಳುವ ಹಿಂಸೆಯೂ ಕಡಿಮೆ. ಅದೇ ಕಾರು, ಅದೇ ಪೆಟ್ರೋಲ್, ಅದೇ ಚಾಲಕ. ಆದರೂ ಬೇಲೂರಿನಲ್ಲಿ ಬಡಿತದ ಭಯ ಮಂಗಳೂರಿನಲ್ಲಿ ಇರುವಷ್ಟು ಇಲ್ಲ. ಇದಕ್ಕೆ ತೆರುವ ಬೆಲೆಯೆಂದರೆ, ತೆಳುಗಾಳಿಯಲ್ಲಿ ಇಂಜಿನ್ನಿನ ಗರಿಷ್ಠ ಶಕ್ತಿಯೂ ಸ್ವಲ್ಪ ಕುಗ್ಗುತ್ತದೆ. ಆ ಕುಗ್ಗಿದ ಶಕ್ತಿಯನ್ನು ಹೆಚ್ಚು ಅಂಕದ ಪೆಟ್ರೋಲ್ ಮರಳಿ ತರಲಾರದು. ಅಲ್ಲಿ ಕೊರತೆಯಿರುವುದು ಗಾಳಿಗೆ.

ಅಮೆರಿಕದ ರಾಕಿ ಪರ್ವತಗಳ ರಾಜ್ಯಗಳಲ್ಲಿ ಈ ಕಾರಣಕ್ಕಾಗಿಯೇ ಬೇರೆಡೆಯ 87ರ ಬದಲು 85 ಅಂಕದ ಪೆಟ್ರೋಲ್ ಮಾರುವ ರೂಢಿ ಬೆಳೆಯಿತು. ಅದಕ್ಕೊಂದು ಆಕ್ಷೇಪವೂ ಇದೆ, ಸರಿಯಾದ ಆಕ್ಷೇಪವೇ. ಬೆಟ್ಟದಲ್ಲಿ 85 ತುಂಬಿಸಿಕೊಂಡು ಬಯಲಿಗೆ ಇಳಿದರೆ ಗಾಳಿ ದಟ್ಟವಾಗಿ ಬಡಿತ ಶುರುವಾಗಬಹುದು. ಹಾಗಾಗಿ ಇಂದಿನ ಕಾರು ತಯಾರಕರು ಎತ್ತರದಲ್ಲೂ 87 ಇರಲಿ ಎನ್ನುತ್ತಾರೆ. ನಮ್ಮಲ್ಲಿ ಈ ತೊಡಕಿಲ್ಲ. ಎತ್ತರದ ಊರುಗಳಿಗೆಂದು ನಾವು ಕಡಿಮೆ ಅಂಕದ ಪೆಟ್ರೋಲ್ ಮಾರುವುದಿಲ್ಲ. ಬೇಲೂರಿನಲ್ಲಿ ತುಂಬಿಸಿದರೂ ಕನಿಷ್ಠ 91, ಮಂಗಳೂರಿನಲ್ಲಿ ತುಂಬಿಸಿದರೂ ಕನಿಷ್ಠ 91. ಬೇಲೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಮೂಲಕ ಕರಾವಳಿಗೆ ಇಳಿಯುವ 91ರ ಕಾರಿಗೆ ಕೆಳಗೆ ಬೇಕಾದ ಅಂಕವೂ ಟ್ಯಾಂಕಿನಲ್ಲೇ ಇರುತ್ತದೆ. ಮೇಲಿನ ಊರಿನಲ್ಲಿ ಓಡುವಾಗ ಅದು ಕೈಯಲ್ಲಿ ಉಳಿದ ಹೆಚ್ಚುವರಿ ಭದ್ರತೆ.

ಈ ರಿಯಾಯಿತಿಗೆ ಮಿತಿಗಳೂ ಇವೆ. ಟರ್ಬೋ ಇರುವ ಕಾರು ತೆಳುಗಾಳಿಯನ್ನು ಫ್ಯಾನಿನಿಂದ ತುರುಕಿ ಒತ್ತಡವನ್ನು ತುಂಬಿಸಿಕೊಳ್ಳುತ್ತದೆ. ಎತ್ತರದ ಲಾಭ ಅದಕ್ಕೆ ಅಷ್ಟಾಗಿ ಸಿಗದು. ಒಳಗೆ ಹೋಗುವ ಗಾಳಿ ಬಿಸಿಯಾದಷ್ಟೂ, ಒಣಗಿದ್ದಷ್ಟೂ ಬಡಿತದ ಸಾಧ್ಯತೆ ಹೆಚ್ಚು. ಆದ್ದರಿಂದ ಏಪ್ರಿಲ್ ಮಧ್ಯಾಹ್ನದ ಅರಸೀಕೆರೆಯ ಬಯಲುಸೀಮೆ ಮಳೆಗಾಲದ ಬೇಲೂರಿಗಿಂತ ಇಂಜಿನ್ನಿಗೆ ಕಠಿಣ. ಎಲ್ಲಕ್ಕಿಂತ ಕಠಿಣವೆಂದರೆ ಘಾಟಿ. ಐದು ಜನ, ಡಿಕ್ಕಿ ತುಂಬ ಲಗೇಜು, ಶಿರಾಡಿ ಅಥವಾ ಚಾರ್ಮಾಡಿಯ ಏರು. ಗೇರ್ ಇಳಿಸಲು ಸೋಮಾರಿತನ ಮಾಡಿ ನಾಲ್ಕನೆಯದರಲ್ಲೇ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ನಿಧಾನವಾಗಿ ತಿರುಗುತ್ತ ಪೂರ್ತಿ ಭಾರ ಎಳೆಯಬೇಕಾಗುತ್ತದೆ. ಮೂಲೆಯ ಮಿಶ್ರಣಕ್ಕೆ ಕಾಯಲು ಬೇಕಾದಷ್ಟು ಸಮಯ ಸಿಗುತ್ತದೆ, ಟಣಟಣ ಕೇಳುತ್ತದೆ. ಇದಕ್ಕೆ ಮೊದಲ ಮದ್ದು ಬಂಕಿನಲ್ಲಿಲ್ಲ. ಒಂದು ಗೇರ್ ಇಳಿಸಿದರೆ ಸಾಕು.

‘ಪಿಕಪ್ ಬಂತಲ್ಲ?’

ಇಷ್ಟು ಹೇಳಿದ ಮೇಲೂ ಹಲವರ ಅನುಭವ ಬೇರೆಯೇ ಹೇಳುತ್ತದೆ: ಪವರ್ ಹಾಕಿಸಿದ ಮೇಲೆ ಗಾಡಿ ಹಗುರಾಗಿ ಓಡುತ್ತದೆ, ಪಿಕಪ್ ಹೆಚ್ಚಿದೆ. ಇದನ್ನು ಬರೀ ಭ್ರಮೆಯೆಂದು ತಳ್ಳಿಹಾಕುವುದು ಸರಿಯಲ್ಲ. ಇಂದಿನ ಅನೇಕ ಕಾರುಗಳ ಇಂಜಿನ್ನಿಗೆ ಬಡಿತವನ್ನು ಆಲಿಸುವ ಒಂದು ಸಂವೇದಕ ಅಂಟಿಕೊಂಡಿರುತ್ತದೆ. ಬಡಿತದ ಸುಳಿವು ಸಿಕ್ಕ ಕೂಡಲೇ ಕಂಪ್ಯೂಟರು ಕಿಡಿ ಹಾರುವ ಗಳಿಗೆಯನ್ನು ಸ್ವಲ್ಪ ತಡವಾಗಿಸುತ್ತದೆ. ಬಡಿತ ನಿಲ್ಲುತ್ತದೆ, ಜೊತೆಗೆ ಒಂದಿಷ್ಟು ಶಕ್ತಿಯೂ ಹೋಗುತ್ತದೆ. 95 ಅಂಕ ಬೇಡುವ ಇಂಜಿನ್ನಿಗೆ 91 ಹಾಕಿದ್ದರೆ ಅದು ಸದಾ ಹೀಗೆ ಕೈ ಬಿಗಿಹಿಡಿದೇ ಓಡುತ್ತಿರುತ್ತದೆ. ಅಂಥ ಕಾರಿಗೆ 95 ಹಾಕಿದರೆ ಕಳೆದುಕೊಂಡದ್ದು ಮರಳಿ ಬರುತ್ತದೆ. 91ಕ್ಕೆಂದೇ ರೂಪಿಸಿದ ಇಂಜಿನ್ನಿನಲ್ಲಿ ಕಿಡಿಯ ಗಳಿಗೆ ಆಗಲೇ ಹದದಲ್ಲಿರುತ್ತದೆ, ಮರಳಿ ಬರಲು ಏನೂ ಇರುವುದಿಲ್ಲ.

ಅಮೆರಿಕದ ವಾಹನ ಮಾಲೀಕರ ಸಂಘ ಎಎಎ ನಡೆಸಿದ ಎರಡು ಪರೀಕ್ಷೆಗಳು ಇದನ್ನೇ ತೋರಿಸಿದವು. 2016ರಲ್ಲಿ, ಸಾದಾ ಪೆಟ್ರೋಲಿಗೆ ರೂಪಿಸಿದ ಕಾರುಗಳಿಗೆ ಪ್ರೀಮಿಯಂ ಹಾಕಿ ನೋಡಿದಾಗ ಶಕ್ತಿಯಲ್ಲಾಗಲಿ, ಮೈಲೇಜಿನಲ್ಲಾಗಲಿ, ಹೊಗೆಯಲ್ಲಾಗಲಿ ಗಮನಿಸುವಂಥ ಲಾಭ ಕಾಣಲಿಲ್ಲ. ಮರುವರ್ಷ, ತಯಾರಕರೇ ‘ಪ್ರೀಮಿಯಂ ಒಳ್ಳೆಯದು’ ಎಂದು ಸಲಹೆ ಮಾಡಿದ್ದ ಕಾರುಗಳನ್ನು ಆರಿಸಿಕೊಂಡು ಪರೀಕ್ಷಿಸಿದಾಗ ಸರಾಸರಿ ಮೈಲೇಜ್ ಶೇಕಡಾ 2.7ರಷ್ಟು, ಶಕ್ತಿ ಶೇಕಡಾ 1.4ರಷ್ಟು ಹೆಚ್ಚಿತು. ಲಾಭ ಉಂಟು, ಆದರೆ ಅದು ಬೇಡುವ ಇಂಜಿನ್ನಿಗೆ ಮಾತ್ರ, ಅದೂ ಪುಟ್ಟದು. ನಮ್ಮ ಬಂಕಿನಲ್ಲಿ 95ಕ್ಕೆ ತೆರುವ ಹೆಚ್ಚುವರಿ ಬೆಲೆ ಶೇಕಡಾ ಏಳರ ಆಸುಪಾಸು. ಸುಮಾರು ಮೂರರ ಲಾಭಕ್ಕೆ ಏಳು ಕೊಟ್ಟರೆ ಉಳಿತಾಯವೆಲ್ಲಿ ಬಂತು? 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಬಿಡುಗಡೆ ಮಾಡಿದ 100 ಅಂಕದ ಪೆಟ್ರೋಲಿನ ಬೆಲೆ ಸಾದಾ ಪೆಟ್ರೋಲಿಗಿಂತ ಬಹಳ ಹೆಚ್ಚು. ಅದು ಬಹಳ ಬಲವಾದ ಕಾರು, ಬೈಕುಗಳಿಗಾಗಿ ಇರುವಂಥದ್ದು. ಕೊಬ್ಬರಿ ಮಂಡಿಗೂ ಮನೆಗೂ ಓಡಾಡುವ ಸಣ್ಣ ಕಾರಿಗೆ ಅದರಿಂದ ಏನೂ ಆಗಬೇಕಿಲ್ಲ.

ಇನ್ನೊಂದು ವಾದ: ಪ್ರೀಮಿಯಂನಲ್ಲಿ ಇಂಜಿನ್ ತೊಳೆಯುವ ರಾಸಾಯನಿಕ ಇರುತ್ತದಲ್ಲ? ಇರಬಹುದು. ಇಂಜೆಕ್ಟರಿನ, ಕವಾಟದ ಮೇಲಿನ ಜಿಡ್ಡನ್ನು ಕರಗಿಸುವ ಸೇರ್ಪಡೆಗಳನ್ನು ಕಂಪನಿಗಳು ಬೆರೆಸುತ್ತವೆ, ಅವು ಕೆಲಸವನ್ನೂ ಮಾಡುತ್ತವೆ. ಆದರೆ ತೊಳೆಯುವ ಗುಣಕ್ಕೂ ಬಡಿತ ತಡೆಯುವ ಗುಣಕ್ಕೂ ಸಂಬಂಧವಿಲ್ಲ. ಅಂಕ ಏರಿಸದೆ ತೊಳೆಯುವ ಸೇರ್ಪಡೆ ಬೆರೆಸಬಹುದು, ಸೇರ್ಪಡೆಯಿಲ್ಲದೆ ಅಂಕ ಏರಿಸಬಹುದು. ಹಲವು ವರ್ಷ ಬಡಿತವಿಲ್ಲದೆ ಓಡಿದ ಹಳೆಯ ಕಾರು ಈಗ ಬಡಿತ ಶುರುಮಾಡಿದ್ದರೆ ಒಳಗೆ ಮಸಿ ಕಟ್ಟಿರಬಹುದು. ಮಸಿ ಜಾಗ ಆಕ್ರಮಿಸಿ ಹಿಂಡುಮಟ್ಟವನ್ನು ಏರಿಸುತ್ತದೆ, ಕೆಂಡದಂತೆ ಕಾದು ನಿಲ್ಲುತ್ತದೆ. ಆ ಕಾರನ್ನು ಒಮ್ಮೆ ಮೆಕ್ಯಾನಿಕ್ಕಿಗೆ ತೋರಿಸಿ ಸ್ವಚ್ಛ ಮಾಡಿಸುವುದು, ಕೂಲೆಂಟ್ ಮತ್ತು ಪ್ಲಗ್ ನೋಡಿಸುವುದು ಜೀವನಪೂರ್ತಿ ದುಬಾರಿ ಪೆಟ್ರೋಲ್ ಕುಡಿಸುವುದಕ್ಕಿಂತ ಅಗ್ಗ.

ಎಥೆನಾಲ್ ಕೊಟ್ಟ ಸಾಕ್ಷ್ಯ

ಅಂಕವೇ ಬಲವಲ್ಲ ಎಂಬುದಕ್ಕೆ ದೊಡ್ಡ ಪುರಾವೆಯನ್ನು ನಾವೆಲ್ಲ ಈಗಾಗಲೇ ಟ್ಯಾಂಕಿಗೆ ತುಂಬಿಸಿಕೊಳ್ಳುತ್ತಿದ್ದೇವೆ. ಕಬ್ಬು, ಕಾಕಂಬಿ, ಮುಸುಕಿನ ಜೋಳ, ನುಚ್ಚಕ್ಕಿಯಿಂದ ತಯಾರಾಗುವ ಎಥೆನಾಲನ್ನು ಪೆಟ್ರೋಲಿಗೆ ಬೆರೆಸುವ ಪ್ರಮಾಣ 2022ರ ಹೊತ್ತಿಗೆ ಶೇಕಡಾ ಹತ್ತಕ್ಕೆ ಮುಟ್ಟಿತು. ಶೇಕಡಾ ಇಪ್ಪತ್ತು ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. 2025ರ ವೇಳೆಗೆ ಅದು ದೇಶದ ಸಾಮಾನ್ಯ ಪೆಟ್ರೋಲೇ ಆಯಿತು. ಎಥೆನಾಲಿನ ಅಂಕ ನೂರನ್ನೂ ದಾಟುತ್ತದೆ. ಆವಿಯಾಗುವಾಗ ಅದು ಬಹಳಷ್ಟು ಶಾಖ ಹೀರಿ ಸಿಲಿಂಡರನ್ನು ತಂಪಾಗಿಸುವುದರಿಂದ ಬಡಿತಕ್ಕೆ ಇನ್ನೊಂದು ತಡೆಯೂ ಸಿಗುತ್ತದೆ. ಶೇಕಡಾ ಇಪ್ಪತ್ತರ ಮಿಶ್ರಣದಿಂದ ಸಾದಾ ಪೆಟ್ರೋಲಿನ ಅಂಕ 95ಕ್ಕೆ ಏರಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿತು.

ಅಂಕ ಏರಿತು. ಮೈಲೇಜ್ ಏರಿತೇ? ಒಂದು ಲೀಟರ್ ಎಥೆನಾಲ್ ಉರಿದರೆ ಬರುವ ಶಾಖ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಮೂರನೆಯ ಒಂದು ಪಾಲು ಕಡಿಮೆ. ಐದರಲ್ಲೊಂದು ಪಾಲು ಎಥೆನಾಲ್ ಇದ್ದರೆ ಒಟ್ಟು ಶಾಖ ಶೇಕಡಾ ಆರೇಳರಷ್ಟು ತಗ್ಗಬೇಕು. ನೀತಿ ಆಯೋಗದ 2021ರ ಎಥೆನಾಲ್ ಮಾರ್ಗಸೂಚಿಯ ಅಂದಾಜೂ ಇದೇ. ಎಥೆನಾಲಿಲ್ಲದ ಪೆಟ್ರೋಲಿಗೆ ವಿನ್ಯಾಸಗೊಂಡು ಶೇಕಡಾ ಹತ್ತಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇಕಡಾ 6ರಿಂದ 7 ಇಳಿಯಬಹುದು. ಶೇಕಡಾ ಹತ್ತಕ್ಕೆ ವಿನ್ಯಾಸಗೊಂಡು ಇಪ್ಪತ್ತಕ್ಕೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2 ಇಳಿಯಬಹುದು. ಅಂಕ ಬಲದ ಅಳತೆಯಾಗಿದ್ದರೆ 91ರಿಂದ 95ಕ್ಕೆ ಏರಿದ ಪೆಟ್ರೋಲಿನಲ್ಲಿ ಮೈಲೇಜ್ ಇಳಿಯುವ ಲೆಕ್ಕವೇ ಹುಟ್ಟುತ್ತಿರಲಿಲ್ಲ. ಎಂಜಿನಿಯರುಗಳು ಆ ಹೆಚ್ಚಿದ ಅಂಕವನ್ನು ನೆಚ್ಚಿ ಹಿಂಡುಮಟ್ಟವನ್ನೂ ಏರಿಸಿ ಹೊಸ ಇಂಜಿನ್ ಕಟ್ಟಿದರೆ ಮಾತ್ರ ನಷ್ಟದ ಒಂದು ಭಾಗ ತುಂಬಿಬರುತ್ತದೆ. ಇಲ್ಲೂ ಕೊನೆಯ ಮಾತು ಇಂಜಿನ್ನಿನದೇ. ಇದರಿಂದ ಮತ್ತೊಂದು ಅರ್ಥವೂ ಹೊರಡುತ್ತದೆ: ಹೆಚ್ಚು ಅಂಕ ಎಂದಮಾತ್ರಕ್ಕೆ ಅದು ಎಥೆನಾಲ್ ಇಲ್ಲದ ಪೆಟ್ರೋಲ್ ಎಂದುಕೊಳ್ಳಬಾರದು. ಹಳೆಯ ಕಾರಿನ ರಬ್ಬರು, ಪೈಪುಗಳ ಚಿಂತೆ ಇದ್ದರೆ ಅದಕ್ಕೆ ಅಂಕದಲ್ಲಿ ಉತ್ತರವಿಲ್ಲ. ಸರ್ವಿಸ್ ವೇಳೆ ಅವುಗಳನ್ನು ಪರೀಕ್ಷಿಸಿ ಬದಲಿಸುವುದೇ ದಾರಿ.

ಹಾಗಾದರೆ ಯಾವುದನ್ನು ಹಾಕಿಸಬೇಕು?

ಉತ್ತರ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲೋ ಕಾರಿನ ಕೈಪಿಡಿಯಲ್ಲೋ ಇರುತ್ತದೆ. ಅಲ್ಲಿ ಕನಿಷ್ಠ 91 ಎಂದಿದ್ದರೆ ನಾರ್ಮಲ್ ಹಾಕಿಸಿ. ಬಯಲುಸೀಮೆಯಲ್ಲೂ ಮಲೆನಾಡಿನಲ್ಲೂ ಅದು ಸಾಕು. ‘95 ಕಡ್ಡಾಯ’ ಎಂದಿದ್ದರೆ ಉಳಿತಾಯದ ಯೋಚನೆ ಬಿಟ್ಟು 95 ಖಾತ್ರಿಯಿರುವುದನ್ನೇ ಹಾಕಿಸಿ, ಅಲ್ಲಿ ಜಿಪುಣತನ ಮಾಡಿದರೆ ಇಂಜಿನ್ನೇ ಬೆಲೆ ತೆರುತ್ತದೆ. ‘95 ಇದ್ದರೆ ಒಳ್ಳೆಯದು’ ಎಂದಷ್ಟೇ ಇದ್ದರೆ ದಿನನಿತ್ಯದ ಓಡಾಟಕ್ಕೆ ನಾರ್ಮಲ್ ನಡೆಯುತ್ತದೆ. ತುಂಬಿದ ಕಾರಿನಲ್ಲಿ ಬೇಸಿಗೆಯಲ್ಲಿ ಘಾಟಿ ಹತ್ತುವ ದಿನ ಬೇಕಾದರೆ ದುಬಾರಿಯದನ್ನು ಹಾಕಿಸಬಹುದು. ಸರಿಯಾದ ಪೆಟ್ರೋಲ್ ಹಾಕಿಸಿಯೂ ಬಡಿತ ಕೇಳಿದರೆ ಗೇರ್ ಇಳಿಸಿ ನೋಡಿ, ಆಗಲೂ ನಿಲ್ಲದಿದ್ದರೆ ಗ್ಯಾರೇಜಿಗೆ ಹೋಗಿ. ಲೀಟರಿಗೆ ಉಳಿಯುವ ಏಳೆಂಟು ರೂಪಾಯಿಯನ್ನು ಕೂಡಿಟ್ಟರೆ ಸಮಯಕ್ಕೆ ಸರಿಯಾಗಿ ಆಯಿಲ್, ಪ್ಲಗ್, ಏರ್ ಫಿಲ್ಟರ್ ಬದಲಿಸುವ ಖರ್ಚಿಗೆ ಆಗುತ್ತದೆ. ಟೈರಿನ ಗಾಳಿಯನ್ನು ಸರಿಯಾಗಿ ಇಟ್ಟುಕೊಳ್ಳುವುದಕ್ಕಂತೂ ಖರ್ಚೇ ಇಲ್ಲ. 91ರ ಕಾರಿಗೆ 95 ಹಾಕಿ ಸಿಗದ ಮೈಲೇಜ್ ಇವುಗಳಿಂದ ಖಂಡಿತ ಸಿಗುತ್ತದೆ.